ಧೀರ ಪ್ರೇಷಿತ ಸಂತ ಜೋಸೆಫ್ ವಾಜ್

ಧರ್ಮಕೇಂದ್ರವೊಂದು ನೂರು ವರ್ಷ ತುಂಬಿದಾಗ ಹೊರಡುವ ಸ್ಮರಣ ಸಂಚಿಕೆಯಲ್ಲಿ ಗುರುಗಳ ಪಟ್ಟಿ, ಕಟ್ಟಡದ ಚರಿತ್ರೆ, ದಾನಿಗಳ ನಾಮಾವಳಿ ಇವೆಲ್ಲ ಇರತಕ್ಕವೇ. ಅವುಗಳ ನಡುವೆ ಈ ಕೆಲವು ಪುಟಗಳನ್ನು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನೇರವಾದ ಸಂಬಂಧವಿಲ್ಲದ ಒಬ್ಬ ಗುರುವಿನ ಜೀವನಕ್ಕಾಗಿ ಮೀಸಲಿಡುತ್ತಿದ್ದೇವೆ. ಅವರು ನಡೆದದ್ದು ಘಟ್ಟದ ಕೆಳಗಿನ ಕರಾವಳಿಯಲ್ಲಿ, ಆಮೇಲೆ ಕಡಲಾಚೆಯ ಲಂಕೆಯಲ್ಲಿ. ಬಯಲುಸೀಮೆಯ ನಮಗೂ ಅವರಿಗೂ ಏನು ನಂಟು ಎಂದು ವಾಚಕರು ಕೇಳಿಯಾರು. ನಂಟು ಇದೆಯೆಂದೇ ನಮ್ಮ ಭಾವನೆ. ದೊಡ್ಡ ನಗರಗಳ ಕ್ರೈಸ್ತರಂತೆ ನಾವಿಲ್ಲಿ ಬೀದಿಗೆ ಬೀದಿ ತುಂಬಿದವರಲ್ಲ. ಇಷ್ಟು ಮನೆಗಳ ನಡುವೆ ಒಂದೋ ಎರಡೋ ಮನೆ, ಅನೇಕ ಹಳ್ಳಿಗಳಲ್ಲಿ ಅದೂ ಇಲ್ಲ. ಹೀಗೆ ಚೆದರಿ ಬಾಳುವವರಿಗೆ ತಮ್ಮ ವಿಶ್ವಾಸವನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಸುಮ್ಮನಿರುವುದೇ ಸುಲಭವೆನಿಸುತ್ತದೆ. ಸಂತ ಜೋಸೆಫ್ ವಾಜರು ಪ್ರಾಣವನ್ನು ಪಣಕ್ಕಿಟ್ಟು ಹುಡುಕಿಕೊಂಡು ಹೋದದ್ದು ಇಂಥ ಚೆದರಿದ, ಸುಮ್ಮನಾದ ಮನೆಗಳನ್ನೇ.

ಗೋವೆಯ ಸಾಷ್ಟಿ ಪ್ರಾಂತದ ಬೆನಾವ್ಲಿ ಎಂಬ ಊರಿನಲ್ಲಿ, ತಾಯಿಯ ತವರುಮನೆಯಲ್ಲಿ, 1651ನೆಯ ಏಪ್ರಿಲ್ 21ರಂದು ಅವರು ಜನಿಸಿದರು. ತಂದೆ ಕ್ರಿಸ್ತೋವಾಂವ್ ವಾಜ್, ತಾಯಿ ಮರಿಯಾ ದ ಮಿರಾಂದಾ. ತಂದೆಯ ಊರು ಸಾಂಕ್ವಾಳ. ಕೊಂಕಣಿ ಮನೆಮಾತಿನ, ಬ್ರಾಹ್ಮಣ ಮೂಲದ ಕಥೋಲಿಕ ಕುಟುಂಬ ಅವರದು. ಪೋರ್ಚುಗೀಸ್ ಭಾಷೆಯನ್ನು ಸಾಂಕ್ವಾಳದಲ್ಲೂ ಲ್ಯಾಟಿನನ್ನು ಬೆನಾವ್ಲಿಯಲ್ಲೂ ಕಲಿತು, ಅನಂತರ ಗೋವೆಯ ನಗರದಲ್ಲಿ ಯೇಸುಸಭೆಯವರ ಮತ್ತು ದೊಮಿನಿಕನ್ ಗುರುಗಳ ವಿದ್ಯಾಲಯಗಳಲ್ಲಿ ಓದಿ, 1676ರಲ್ಲಿ ಯಾಜಕದೀಕ್ಷೆ ಪಡೆದರು. ದೀಕ್ಷೆಯಾದ ಮೇಲೆ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಮರುವರ್ಷ ಸಾಂಕ್ವಾಳದ ದೇವಾಲಯದಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಅರ್ಪಿಸಿಕೊಂಡು ಒಂದು ಪತ್ರವನ್ನು ಬರೆದಿಟ್ಟರು. ದಾಸನೆಂಬ ಈ ಮಾತು ಅವರಿಗೆ ಭಕ್ತಿಯ ಅಲಂಕಾರವಾಗಿ ಉಳಿಯಲಿಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ.

ಗೋವೆಯಲ್ಲಿಯೇ ಉಳಿದಿದ್ದರೆ ಅವರಿಗೆ ಯಾವ ಭಯವೂ ಇರಲಿಲ್ಲ. ಅಲ್ಲಿ ಧರ್ಮಸಭೆಯ ಬೆನ್ನಿಗೆ ಪೋರ್ಚುಗೀಸ್ ಸರಕಾರವಿತ್ತು. ಆ ಸರಕಾರ ತನ್ನ ಬಲದಿಂದ ದೇವಸ್ಥಾನಗಳನ್ನು ಕೆಡವಿದ್ದೂ ಜನರ ಮೇಲೆ ಒತ್ತಡ ತಂದದ್ದೂ ಚರಿತ್ರೆಯ ಸಂಗತಿಗಳು. ಅವನ್ನು ಮುಚ್ಚಿಡುವುದು ನಮಗೆ ಶೋಭಿಸದು. ಜೋಸೆಫ್ ವಾಜರ ಹಿರಿಮೆಯಿರುವುದು ಅಂಥ ಬಲದ ನೆರಳನ್ನು ಬಿಟ್ಟು, ಯಾವ ರಾಜನ ಸೈನ್ಯವೂ ತಮ್ಮ ಪರವಾಗಿ ನಿಲ್ಲದ ಕಡೆಗೆ ಹೋದುದರಲ್ಲಿ.

1681ರಲ್ಲಿ ಗೋವೆಯ ಅಧಿಕಾರಿಗಳು ಅವರನ್ನು ಕನ್ನಡ ಕರಾವಳಿಗೆ ಕಳುಹಿಸಿದರು. ಆಗ ಆ ಸೀಮೆಯೆಲ್ಲ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಗೆ ಒಳಪಟ್ಟಿತ್ತು. ರಾಣಿ ಲಿಂಗಾಯತ ಮನೆತನದವಳಾದರೂ ಕ್ರೈಸ್ತರ ವಿಷಯದಲ್ಲಿ ಉದಾರಿಯಾಗಿದ್ದಳು. 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ದೇವಾಲಯವನ್ನು ಬಿಷಪ್ ತೋಮಸ್ ದ ಕಾಸ್ತ್ರೊ ಅವರು ಸ್ಥಾಪಿಸಿದ್ದು ಆಕೆ ಕೊಟ್ಟ ನೆಲದ ಮೇಲೆಯೇ. ಆದುದರಿಂದ ಅಲ್ಲಿನ ಕಷ್ಟ ಹೊರಗಿನಿಂದ ಬಂದುದಲ್ಲ, ಒಳಗಿನದು. ಬಿಷಪ್ ತೋಮಸರನ್ನು ನೇಮಿಸಿದ್ದು ರೋಮಿನ ಧರ್ಮಪ್ರಚಾರ ಸಂಸ್ಥೆ. ಪೂರ್ವ ದೇಶಗಳ ಧರ್ಮಕಾರ್ಯವೆಲ್ಲ ಪೋರ್ಚುಗಲ್ ದೊರೆಯ ಹಕ್ಕಿಗೆ ಸೇರಿದ್ದೆಂದು ಗೋವೆಯವರ ವಾದ. ಇಬ್ಬರ ಜಗಳದ ನಡುವೆ ಸಿಕ್ಕಿಕೊಂಡವರು ಬಡ ಕ್ರೈಸ್ತರು. ಒಂದು ಪಕ್ಷದ ಗುರುವಿನಿಂದ ಸಂಸ್ಕಾರ ಪಡೆದರೆ ಇನ್ನೊಂದು ಪಕ್ಷ ಬಹಿಷ್ಕಾರ ಹಾಕುತ್ತಿತ್ತು. ಯಾರ ಕೈಯಿಂದ ಪಡೆದ ಪಾಪಕ್ಷಮೆ ಸಿಂಧು, ಯಾರ ಕೈಯಿಂದ ಆದ ಮದುವೆ ಅಸಿಂಧು ಎಂಬುದನ್ನು ತಿಳಿಯದೆ ಜನ ಕಂಗೆಟ್ಟಿದ್ದರು.

ಗೋವೆಯಿಂದ ಬಂದ ತರುಣ ಗುರು ಗೋವೆಯ ಪರವಾಗಿಯೇ ನಡೆಯಬೇಕೆಂದು ಎಲ್ಲರ ನಿರೀಕ್ಷೆ. ಆದರೆ ಅವರು ಆತುರಪಟ್ಟು ಬಹಿಷ್ಕಾರವನ್ನು ಸಾರಲು ಹೋಗಲಿಲ್ಲ. ಮೊದಲು ಬಿಷಪ್ ತೋಮಸರನ್ನು ಕಂಡು, ಅವರ ನೇಮಕದ ಪತ್ರಗಳನ್ನು ನೋಡಿ, ಅವು ನಿಜವೆಂದು ಮನಗಂಡು, ಹಾಗೆಂದು ಗೋವೆಗೇ ತಿಳಿಸಿದರು. ರೋಮಿನ ತೀರ್ಪು ಬರುವವರೆಗೆ ಜನರ ಆತ್ಮಗಳಿಗೆ ತೊಂದರೆಯಾಗದಂತೆ ಒಂದು ಒಡಂಬಡಿಕೆಯ ದಾರಿಯನ್ನು ಹುಡುಕಿದರು. ಕಳುಹಿಸಿದವರಿಗೆ ಹಿತವಲ್ಲದ ಸತ್ಯವನ್ನು ಕಳುಹಿಸಿದವರಿಗೇ ಬರೆದು ತಿಳಿಸುವುದು ಸಣ್ಣ ಎದೆಗಾರಿಕೆಯಲ್ಲ. ಲಂಕೆಯ ಕಾಡುಗಳಲ್ಲಿ ಅವರು ತೋರಿದ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ನಮಗಾದರೋ ಮಂಗಳೂರಿನ ಈ ಧೈರ್ಯವೇ ಹೆಚ್ಚು ಅಪರೂಪದ್ದೆಂದು ತೋರುತ್ತದೆ. ಶತ್ರುವಿನ ಎದುರು ನಿಲ್ಲುವವರು ಎಷ್ಟೋ ಮಂದಿ ಸಿಗುತ್ತಾರೆ, ತಮ್ಮವರ ಎದುರು ನಿಲ್ಲುವವರು ಎಲ್ಲೋ ಒಬ್ಬರು.

ಮೂರು ವರ್ಷಗಳ ಕಾಲ ಅವರು ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರು ಎಂದು ನಡೆದಾಡಿ, ಹಾಳಾದ ದೇವಾಲಯಗಳನ್ನು ಎತ್ತಿ ನಿಲ್ಲಿಸಿ, ಮಕ್ಕಳಿಗೆ ಶಾಲೆಗಳನ್ನು ತೆರೆದು, ಜ್ಞಾನೋಪದೇಶ ಮಾಡಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದ ಮೇಲೆ ಅವರನ್ನು ಕೊಲ್ಲಲೆಂದು ರೋಗಿಯ ನೆಪ ಹೇಳಿ ಕರೆದೊಯ್ದರೆಂದೂ, ಅವರು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರು ಚಿಮ್ಮಿತೆಂದೂ ಜನ ಪರಂಪರೆಯಿಂದ ನಂಬಿದ್ದಾರೆ. ಇಂದು ಅದು ಪುಣ್ಯಕ್ಷೇತ್ರ. ಆ ಕಥೆಯನ್ನು ಕಥೆಯಾಗಿಯೇ ಇಲ್ಲಿ ಹೇಳಿದ್ದೇವೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಅಲ್ಲಿನ ಕೆಲವು ಭಾರತೀಯ ಗುರುಗಳ ಗುಂಪನ್ನು ಸೇರಿ, ಅದನ್ನು ಸಂತ ಫಿಲಿಪ್ ನೇರಿಯವರ ಒರೆಟರಿ ಸಂಘವನ್ನಾಗಿ ಕ್ರಮಪಡಿಸಿದರು. ಪರದೇಶಿ ಸಂಘಗಳು ಈ ನೆಲದವರನ್ನು ಸೇರಿಸಿಕೊಳ್ಳಲು ಹಿಂದೆಗೆಯುತ್ತಿದ್ದ ಕಾಲದಲ್ಲಿ ನಮ್ಮವರೇ ಕಟ್ಟಿಕೊಂಡ ಸಂಘವಿದು. ಇದರಲ್ಲಿ ಒಂದು ಕೊರತೆಯೂ ಇತ್ತು. ಬ್ರಾಹ್ಮಣ ಮೂಲದವರಿಗಷ್ಟೇ ಅದರ ಬಾಗಿಲು ತೆರೆದಿತ್ತು. ದೀಕ್ಷಾಸ್ನಾನದ ನೀರಿನಲ್ಲಿಯೂ ಜಾತಿ ತೊಳೆದುಹೋಗಲಿಲ್ಲವೆಂಬುದು ನಮ್ಮ ಧರ್ಮಸಭೆಯ ಹಳೆಯ ನೋವು. ಸಂತರ ಚರಿತ್ರೆ ಬರೆಯುವಾಗಲೂ ಅದನ್ನು ಮರೆಮಾಚಬಾರದು. ಆ ಸಂಘದ ಶ್ರೇಷ್ಠರಾಗಿ ಆರಿಸಲ್ಪಟ್ಟ ಜೋಸೆಫ್ ವಾಜರು ಮರುವರ್ಷವೇ ಆ ಹಿರಿತನವನ್ನು ಇಳಿಸಿ ಹೊರಟರು. ಎರಡು ವರ್ಷಗಳೊಳಗೆ ಅವರು ತೊಟ್ಟದ್ದು ಕೂಲಿಯಾಳಿನ ತುಂಡುಬಟ್ಟೆಯನ್ನು.

ಅವರನ್ನು ಕರೆದದ್ದು ಲಂಕೆಯ ಸುದ್ದಿ. ಕೊಲಂಬೊ 1656ರಲ್ಲಿ, ಯಾಳ್ಪಾಣ 1658ರಲ್ಲಿ ಪೋರ್ಚುಗೀಸರ ಕೈಬಿಟ್ಟು ಡಚ್ಚರ ವಶವಾಗಿದ್ದವು. ಡಚ್ಚರು ಕ್ಯಾಲ್ವಿನ್ ಪಂಥದವರು. ಕಥೋಲಿಕ ಗುರುಗಳನ್ನು ದ್ವೀಪದಿಂದ ಹೊರಗಟ್ಟಿ, ದೇವಾಲಯಗಳನ್ನು ತಮ್ಮವನ್ನಾಗಿ ಮಾಡಿಕೊಂಡು, ಗುರುವಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಿದ್ದರು. ಸುಮಾರು ಮೂವತ್ತು ವರ್ಷಗಳಿಂದ ಅಲ್ಲಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಅಜ್ಜಂದಿರು ಮೊಮ್ಮಕ್ಕಳಿಗೆ ಕತ್ತಲೆಯಲ್ಲಿ ಪ್ರಾರ್ಥನೆಗಳನ್ನು ಹೇಳಿಕೊಡುತ್ತಿದ್ದುದೊಂದೇ ಉಳಿದ ಧರ್ಮ.

1686ರಲ್ಲಿ ಗೋವೆಯಿಂದ ಹೊರಟ ಜೋಸೆಫ್ ವಾಜರು ಜತೆಯ ಗುರುಗಳನ್ನು ಕನ್ನಡ ಕರಾವಳಿಯ ಸೇವೆಗೆ ಬಿಟ್ಟು, ಯೋವಾನನೆಂಬ ತರುಣನೊಬ್ಬನೊಡನೆ ದಕ್ಷಿಣಕ್ಕೆ ನಡೆದು ತೂತುಕುಡಿಯನ್ನು ತಲಪಿದರು. ಗುರುವಿನ ಉಡುಪನ್ನು ಕಳಚಿ ಕೂಲಿಯವನಂತೆ ಹಡಗು ಹತ್ತಿದರು. ಬಿರುಗಾಳಿಗೆ ಸಿಕ್ಕಿ ಬಹಳ ದಿನ ತೊಳಲಾಡಿ, 1687ರಲ್ಲಿ ಯಾಳ್ಪಾಣದ ನೆಲ ಕಂಡಾಗ ಅವರು ರಕ್ತಭೇದಿಯಿಂದ ನಿತ್ರಾಣರಾಗಿದ್ದರು. ಅಂಟುರೋಗದ ಭಯದಿಂದ ಊರವರು ಇಬ್ಬರನ್ನೂ ಊರಾಚೆಗೆ ಹಾಕಿದರು. ಅಲ್ಲಿ ಒಬ್ಬ ಬಡ ಹೆಂಗಸು ದಿನವೂ ಗಂಜಿ ತಂದುಕೊಟ್ಟು ಅವರನ್ನು ಬದುಕಿಸಿದಳು. ಆಕೆಯ ಹೆಸರು ಯಾವ ಗ್ರಂಥದಲ್ಲಿಯೂ ದಾಖಲಾಗಿಲ್ಲ. ಲಂಕೆಯ ಧರ್ಮಸಭೆಯ ಎರಡನೆಯ ಜನ್ಮ ಒಂದು ಬಟ್ಟಲು ಗಂಜಿಯಿಂದ ಆಯಿತೆಂದರೆ ತಪ್ಪಾಗದು.

ಎದ್ದು ನಿಲ್ಲುವಂತಾದ ಮೇಲೆ ಎದುರಾದ ಪ್ರಶ್ನೆ ಇದು: ಕ್ರೈಸ್ತರು ಯಾರೆಂದು ತಿಳಿಯುವುದು ಹೇಗೆ? ಕೇಳುವಂತಿಲ್ಲ, ಕೇಳಿದವನು ಗೂಢಚಾರನೆಂದು ಅವರು ಹೆದರುತ್ತಾರೆ, ಡಚ್ಚರಿಗೆ ಸುಳಿವು ಸಿಕ್ಕಿದರೆ ಎಲ್ಲರಿಗೂ ಆಪತ್ತು. ಅವರು ಒಂದು ದೊಡ್ಡ ಜಪಸರವನ್ನು ಎಲ್ಲರಿಗೂ ಕಾಣುವಂತೆ ಕೊರಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷೆ ನೀಡುವವರ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದರು. ಹಲವು ದಿನಗಳ ಮೇಲೆ ಒಂದು ಮನೆಯವರ ಕಣ್ಣು ಜಪಸರದ ಮೇಲೆ ನಿಂತಿತು. ಆ ಮನೆಯವರೂ ತಟಕ್ಕನೆ ನಂಬಲಿಲ್ಲ. ಬಗೆಬಗೆಯಾಗಿ ಪರೀಕ್ಷಿಸಿ ನೋಡಿ, ಕೊನೆಗೆ ಇವರು ಗುರುವೆಂದು ತಿಳಿದಾಗ ಅವರ ಸಂತೋಷಕ್ಕೆ ಮೇರೆಯಿರಲಿಲ್ಲ.

ಇಲ್ಲಿ ನಮ್ಮದೇ ಒಂದು ನೆನಪನ್ನು ಹೇಳಬೇಕು. ಹುಡುಗರಾಗಿದ್ದಾಗ ಪರ ಊರಿಗೆ ಓದಲು ಹೊರಟ ನಮಗೆ ತಾಯಿ ಕೊರಳಿಗೊಂದು ಜಪಸರ ಹಾಕಿದ್ದರು. ಬಸ್ಸು ಊರ ಗಡಿ ದಾಟುತ್ತಿದ್ದಂತೆ ಅದನ್ನು ತೆಗೆದು ಜೇಬಿಗಿಟ್ಟುಕೊಂಡೆವು. ಯಾರೂ ನಮ್ಮನ್ನು ಕೊಲ್ಲುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಜತೆಯ ಹುಡುಗರು ಏನೆಂದುಕೊಳ್ಳುವರೋ ಎಂಬ ಅಳುಕು, ಅಷ್ಟೆ. ಯಾಳ್ಪಾಣದ ಭಿಕ್ಷುಕನ ಕಥೆಯನ್ನು ಮೊದಲ ಬಾರಿ ಓದಿದಾಗ ಆ ಬಸ್ಸಿನ ನೆನಪು ಬಂದು ಪುಸ್ತಕ ಮುಚ್ಚಿಟ್ಟೆವು.

ಕ್ರೈಸ್ತರು ಅವರನ್ನು ಸಿಲ್ಲಾಲೆ ಎಂಬ ಹಳ್ಳಿಯಲ್ಲಿ ಇರಿಸಿಕೊಂಡರು. ಹಗಲು ಅಡಗಿದ್ದು, ರಾತ್ರಿ ಮನೆಗಳಲ್ಲಿ ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನ. ತಮಿಳನ್ನು ಕಲಿತು ಅದರಲ್ಲೇ ಉಪದೇಶ. ಎರಡು ವರ್ಷಗಳಲ್ಲಿ ಸುದ್ದಿ ಊರಿಂದೂರಿಗೆ ಹಬ್ಬಿತು. ಹಬ್ಬಿದ ಸುದ್ದಿ ಡಚ್ಚರ ಕಿವಿಗೂ ಬಿತ್ತು. 1689ರ ಕ್ರಿಸ್ಮಸ್ ರಾತ್ರಿ ಪೂಜೆಗೆಂದು ಜನ ಕೂಡಿದ್ದಾಗ ಸೈನಿಕರು ನುಗ್ಗಿದರು. ಗುರು ಅವರ ಕೈಗೆ ಸಿಗಲಿಲ್ಲ. ಸಿಕ್ಕವರು ಮನೆಯೊಡೆಯರು, ಹೆಂಗಸರು, ಮಕ್ಕಳು. ಪ್ರಮುಖರಾದ ಹಲವರನ್ನು ಸೆರೆಗೆ ಹಾಕಿದರು. ಅವರಲ್ಲಿ ದೋಂ ಪೆದ್ರು ಎಂಬಾತ ಡಚ್ಚರ ಪಂಥವನ್ನು ಬಿಟ್ಟು ಕಥೋಲಿಕ ಸಭೆಗೆ ಬಂದವನಾದುದರಿಂದ ಅವನ ಮೇಲೆ ವಿಶೇಷ ಕೋಪ. ಅವನು ಹೊಡೆತಗಳಿಂದಲೇ ಸತ್ತನು. ಉಳಿದವರು ಕಠಿಣ ದುಡಿಮೆಯಲ್ಲಿ ಸವೆದರು.

ಅದೇ 1689ರಲ್ಲಿ ನಮ್ಮ ಕೆಳದಿಯ ಚೆನ್ನಮ್ಮ ಔರಂಗಜೇಬನ ಸೈನ್ಯಕ್ಕೆ ಸಿಗದಂತೆ ಓಡಿಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಮೊಗಲರ ದಂಡನ್ನು ಮೈಮೇಲೆ ಎಳೆದುಕೊಂಡಳು. ಈ ಸಂಗತಿ ನಮ್ಮ ಶಾಲೆಯ ಹುಡುಗರಿಗೆಲ್ಲ ಗೊತ್ತು. ಆಕೆಗೆ ಕೋಟೆಯಿತ್ತು, ದಂಡಿತ್ತು. ಸಿಲ್ಲಾಲೆಯವರಿಗೆ ಇದ್ದದ್ದು ತಾಳೆಗರಿಯ ಮನೆ. ಗುರುವಿಗೆ ಬಂದ ಅಪಾಯ ಅವರೇ ಆರಿಸಿಕೊಂಡದ್ದು. ಹೆಂಡಿರುಮಕ್ಕಳೊಡನೆ ಇದ್ದ ಆ ಒಕ್ಕಲಿಗರು ಬಾಗಿಲು ತೆರೆಯದೆ ಇರಬಹುದಿತ್ತು. ತೆರೆದರು. ಒಬ್ಬನ ಸಾಹಸಕ್ಕಾಗಿ ಇತರರು ಪ್ರಾಣ ತೆತ್ತರಲ್ಲ, ಇದು ಸರಿಯೇ ಎಂಬ ಪ್ರಶ್ನೆ ನಮ್ಮನ್ನು ಕಾಡಿದೆ. ಜೋಸೆಫ್ ವಾಜರನ್ನೂ ಕಾಡಿರಲೇಬೇಕು. ಅವರು ಅಲ್ಲಿಂದ ಹೊರಟು ಪುತ್ತಳಂ ಸೀಮೆಗೆ, ಅಂದರೆ ಡಚ್ಚರ ಆಳ್ವಿಕೆಯಿಲ್ಲದ ಕ್ಯಾಂಡಿ ರಾಜ್ಯಕ್ಕೆ ಸರಿದುದರಲ್ಲಿ ತಮ್ಮ ಪ್ರಾಣರಕ್ಷಣೆಗಿಂತ ಆ ಮನೆಗಳ ರಕ್ಷಣೆಯ ಯೋಚನೆಯೇ ಹೆಚ್ಚಾಗಿತ್ತೆಂದು ನಾವು ಭಾವಿಸುತ್ತೇವೆ. ಧೈರ್ಯವೆಂದರೆ ಸಿಕ್ಕಿದಲ್ಲಿ ಸಾಯುವುದಲ್ಲವೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಕ್ಯಾಂಡಿ ಬೌದ್ಧ ದೊರೆಗಳ ರಾಜಧಾನಿ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಶಾಸನ ಕೊರೆಯಿಸಿದ ಅಶೋಕ ಚಕ್ರವರ್ತಿಯ ಮಗ ಮಹೇಂದ್ರನೇ ಲಂಕೆಗೆ ಬುದ್ಧನ ಧರ್ಮವನ್ನು ಕೊಂಡೊಯ್ದನೆಂದು ಸಿಂಹಳದ ಪುರಾತನ ಗ್ರಂಥಗಳು ಹೇಳುತ್ತವೆ. ಆ ಧರ್ಮದ ಅರಸನ ಬಾಗಿಲಿಗೆ 1692ರಲ್ಲಿ ಜೋಸೆಫ್ ವಾಜರು ಸೊತ್ತೊಮಾಯೋರ್ ಎಂಬ ಕ್ರೈಸ್ತನೊಡನೆ ಬಂದರು. ಆಸ್ಥಾನದಲ್ಲಿದ್ದ ಫ್ರೆಂಚ್ ಕ್ಯಾಲ್ವಿನ್ ಪಂಥೀಯನೊಬ್ಬ ಇವರು ಪೋರ್ಚುಗೀಸರ ಗೂಢಚಾರರೆಂದು ಚಾಡಿ ಹೇಳಿದುದರಿಂದ ಬಂದ ಕೂಡಲೇ ಸೆರೆಯಾಯಿತು. ಸೆರೆಮನೆಯನ್ನೇ ಅವರು ಪಾಠಶಾಲೆ ಮಾಡಿಕೊಂಡು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದ ಮೇಲೆ ಅಂಗಳದಲ್ಲೊಂದು ಗುಡಿಸಲು ಕಟ್ಟಿ ಪೀಠವಿರಿಸಿ, ಕ್ಯಾಂಡಿಯ ಕ್ರೈಸ್ತರನ್ನು ಅಲ್ಲಿಗೇ ಕರೆದರು.

ಮುಂದಿನ ಪ್ರಸಂಗವನ್ನು ಚಳ್ಳಕೆರೆಯವರು ಬೇರೆಯವರಿಗಿಂತ ಚೆನ್ನಾಗಿ ಅರಿಯಬಲ್ಲರು. ಆ ಕಾಲದಲ್ಲಿ ಕ್ಯಾಂಡಿಗೆ ಬರ ಬಂತು. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸಿನ ಮಳೆಯನ್ನೇ ನೆಚ್ಚಿ ಶೇಂಗಾ ಬಿತ್ತುವ ನಮಗೆ ಬರವೆಂದರೇನೆಂದು ವಿವರಿಸಬೇಕಾಗಿಲ್ಲ; ಮುಗಿಲು ನೋಡಿ ನೋಡಿ ಕತ್ತು ನೋಯಿಸಿಕೊಂಡವರು ನಾವು. ಅಲ್ಲಿನ ಭಿಕ್ಷುಗಳು ಪ್ರಾರ್ಥಿಸಿದ ಮೇಲೂ ಮಳೆ ಬಾರದಿರಲು ದೊರೆ ವಿಮಲಧರ್ಮಸೂರ್ಯನು ಸೆರೆಯಲ್ಲಿದ್ದ ಗುರುವಿಗೆ ಹೇಳಿಕಳುಹಿಸಿದನು. ಜೋಸೆಫ್ ವಾಜರು ಬಯಲಿನಲ್ಲಿ ಪೀಠವಿಟ್ಟು, ಶಿಲುಬೆ ನಿಲ್ಲಿಸಿ, ಮೊಣಕಾಲೂರಿದರು. ಮಳೆ ಸುರಿಯಿತೆಂದೂ, ಅವರೂ ಪೀಠವೂ ಮಾತ್ರ ತೋಯಲಿಲ್ಲವೆಂದೂ ಅವರ ಸಂಘದವರು ಬರೆದಿಟ್ಟಿದ್ದಾರೆ. ನಮಗೆ ಇದರಲ್ಲಿ ಬೆರಗಾಗಿ ತೋರುವುದು ಮಳೆಗಿಂತಲೂ ಮಳೆಗೆ ಮೊದಲಿನ ಗಳಿಗೆ. ಪರಧರ್ಮದ ದೊರೆಯ, ಸೇರಿದ ಇಡೀ ಊರಿನ ಕಣ್ಣೆದುರಿಗೆ, ಒಣ ಆಕಾಶದ ಕೆಳಗೆ ಅವರು ಮೊಣಕಾಲೂರಿದ ಗಳಿಗೆ. ಮಳೆ ಬಾರದೆ ಹೋಗಿದ್ದರೆ ನಗೆಗೀಡಾಗುತ್ತಿದ್ದವರು ಅವರು. ದೊರೆ ಅವರನ್ನು ಬಿಡುಗಡೆ ಮಾಡಿ ರಾಜ್ಯದಲ್ಲಿ ಸಂಚರಿಸಲು ಅಪ್ಪಣೆ ಕೊಟ್ಟನು.

ಆ ಅಪ್ಪಣೆಯಿದ್ದರೂ ಅವರು ಸುಖದ ಎಲ್ಲೆಯೊಳಗೆ ಕೂತವರಲ್ಲ. ವೇಷ ಮರೆಸಿಕೊಂಡು ಡಚ್ಚರ ಕೊಲಂಬೊ ನಗರದೊಳಕ್ಕೇ ಹೋಗಿ ಅಲ್ಲಿನ ಕ್ರೈಸ್ತರಿಗೆ ಸಂಸ್ಕಾರಗಳನ್ನು ನೀಡಿ ಬಂದರು. ಗೋವೆಯಿಂದ ಸಹಾಯಕ ಗುರುಗಳು ಬರತೊಡಗಿದರು. ಅವರಲ್ಲಿ ಅವರ ಸೋದರಳಿಯ ಜೋಸೆಫ್ ಕರ್ವಾಲ್ಯೊ ಒಬ್ಬರು. 1697ರಲ್ಲಿ ಕ್ಯಾಂಡಿಗೆ ಸಿಡುಬು ಹಬ್ಬಿತು. ನಮ್ಮ ಹಿರಿಯರು ಅಮ್ಮ ಎಂದು ಕರೆದು ನಡುಗುತ್ತಿದ್ದ ರೋಗವದು. ದೊರೆ ನಗರ ಬಿಟ್ಟನು. ಬಂಧುಗಳು ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ಮಾವ ಅಳಿಯ ಇಬ್ಬರೂ ಬಿಟ್ಟುಹೋದ ಮನೆಗಳನ್ನು ಆಸ್ಪತ್ರೆಗಳನ್ನಾಗಿ ಮಾಡಿ, ಬೌದ್ಧ ಕ್ರೈಸ್ತ ಭೇದವಿಲ್ಲದೆ ರೋಗಿಗಳ ಕೀವು ತೊಳೆದು, ಗಂಜಿ ಕುಡಿಸಿ, ಸತ್ತವರಿಗೆ ತಾವೇ ಗುಂಡಿ ತೋಡಿದರು. ಹತ್ತು ವರ್ಷದ ಹಿಂದೆ ಯಾಳ್ಪಾಣದ ಹೊರಗೆ ತಾವು ಕುಡಿದ ಗಂಜಿಯನ್ನು ಮರೆತವರಲ್ಲ ಅವರು.

1705ರಲ್ಲಿ ಗೋವೆಯಿಂದ ಬಂದ ಗುರು ಜಾಕೋಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ ಅಲ್ಲಿನ ಕ್ರೈಸ್ತ ಸಾಹಿತ್ಯಕ್ಕೆ ತಳಹದಿ ಹಾಕಿದರು. ಅದೊಂದು ಬೇರೆ ಲೇಖನವನ್ನೇ ಬೇಡುವ ವಿಷಯ. ಅದೇ ಕಾಲದಲ್ಲಿ ಜೋಸೆಫ್ ವಾಜರನ್ನು ಬಿಷಪ್ಪರನ್ನಾಗಿ ಮಾಡುವ ಮಾತು ಬಂದಾಗ ಅವರು ಒಲ್ಲೆನೆಂದರು. ಮೈಯಲ್ಲಿ ಬಲ ಕುಂದಿತ್ತು. ಕಾಡುಹಾದಿಗಳಲ್ಲಿ ನಡೆದು ನಡೆದು ಕಾಲುಗಳು ಸೋತಿದ್ದವು. 1711ನೆಯ ಜನವರಿ 16ರ ರಾತ್ರಿ ಕ್ಯಾಂಡಿಯಲ್ಲಿ, ಅರುವತ್ತು ತುಂಬುವ ಮೊದಲೇ, ಅವರು ಪ್ರಾಣಬಿಟ್ಟರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಒಬ್ಬ ಗುರುವೂ ಇಲ್ಲದಿದ್ದ ದ್ವೀಪದಲ್ಲಿ ಆಗ ಗುರುಗಳ ಒಂದು ತಂಡವೇ ನಿಂತಿತ್ತು. ಲಂಕೆಗೆ ಬಂದ ಮೇಲೆ ಅವರು ಒಮ್ಮೆಯೂ ಗೋವೆಯನ್ನು ನೋಡಲು ಮರಳಲಿಲ್ಲ.

1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ, ಕಡಲ ತಡಿಯಲ್ಲಿ, ಅವರಿಗೆ ಸಂತ ಪದವಿಯನ್ನಿತ್ತರು. ವೇಷ ಮರೆಸಿಕೊಂಡು ಹೊಕ್ಕ ನಗರದಲ್ಲಿ ಅಂದು ಲಕ್ಷಾಂತರ ಜನ ಅವರ ಹೆಸರನ್ನು ಕೂಗಿ ಹೇಳಿದರು.

ಕ್ಯಾಂಡಿಯಲ್ಲಿ ಅವರನ್ನು ಹೂಳಿದ ದೇವಾಲಯ ಮುಂದೆ ಹಾಳಾಯಿತು. ಸಮಾಧಿ ಎಲ್ಲಿದೆಯೆಂಬುದು ಈ ತನಕ ಪತ್ತೆಯಾಗಿಲ್ಲ. ಅವರ ಹಬ್ಬ ಜನವರಿ 16, ಸಂಕ್ರಾಂತಿಯ ಎಳ್ಳುಬೆಲ್ಲದ ಬೆನ್ನಿಗೇ ಬರುತ್ತದೆ. ಈ ಶತಮಾನೋತ್ಸವದ ವರ್ಷದಲ್ಲಿ ಆ ದಿನದ ಬಲಿಪೂಜೆಯನ್ನು ಸಿಲ್ಲಾಲೆಯ ಆ ಮನೆಯೊಡೆಯರ ಹಾಗೂ ಗಂಜಿ ತಂದ ಹೆಂಗಸಿನ ನೆನಪಿಗೂ ಒಪ್ಪಿಸಬೇಕೆಂದು ನಮ್ಮ ಗುರುಗಳನ್ನು ಕೇಳಿಕೊಳ್ಳುವವರಿದ್ದೇವೆ.